ಕಂತು ತಪ್ಪಿದ ಬೈಕನ್ನು ಹರಾಜಿನಲ್ಲಿ ಕೊಳ್ಳುವುದು ಹೇಗೆ?

ಕಂತು ಕಟ್ಟಲಿಲ್ಲವೆಂದು ಸಾಲ ಕೊಟ್ಟವರು ಎತ್ತಿಕೊಂಡು ಹೋದ ಬೈಕು ಎರಡು ಸಲ ಅನಾಥವಾಗಿರುತ್ತದೆ. ಮೊದಲ ಸಲ, ಮಾಲೀಕನ ಬಳಿ ಇರುವಾಗಲೇ. ಕಂತಿಗೇ ದುಡ್ಡು ಹೊಂದಿಸಲಾಗದವನು ಎಂಜಿನ್ ಆಯಿಲ್ ಬದಲಿಸಲು, ಬೋಳಾದ ಟೈರು ತೆಗೆಸಲು ಎಲ್ಲಿಂದ ತಂದಾನು? ಎರಡನೆಯ ಸಲ, ವಶಪಡಿಸಿಕೊಂಡ ಗಾಡಿಗಳನ್ನು ನಿಲ್ಲಿಸುವ ಯಾರ್ಡಿಗೆ ಬಂದ ಮೇಲೆ. ಅಲ್ಲಿ ಬಿಸಿಲು, ಮಳೆ, ಧೂಳಿಗೆ ಮೈಯೊಡ್ಡಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಒಮ್ಮೆ ಸ್ಟಾರ್ಟ್ ಮಾಡಿ ನೋಡುವವರೂ ಇರುವುದಿಲ್ಲ. ಈ ಎರಡು ಕಾಲಗಳ ಗುರುತನ್ನು ಗಾಡಿಯ ಮೈಮೇಲೆ ಓದಬಲ್ಲವರಿಗೆ ಹರಾಜಿನಲ್ಲಿ ಲಾಭವಿದೆ. ಓದಲು ಬಾರದವರು ಬಲ್ಲ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯಬೇಕು, ಇಲ್ಲವೇ ಪರಿಚಯದ ಮಾಲೀಕನಿಂದಲೇ ನೇರವಾಗಿ ಕೊಳ್ಳಬೇಕು. ಮೂರನೆಯ ದಾರಿ ಅದೃಷ್ಟದ್ದು. ಅದರ ಬಗ್ಗೆ ನಾನು ಸಲಹೆ ಕೊಡಲಾರೆ.

ಹಾಗೆಂದು ಇಂಥ ಗಾಡಿಗಳೆಲ್ಲ ಗುಜರಿಗೆ ಹೋಗುವಂಥವು ಎಂದು ತಿಳಿಯಬೇಡಿ. ಸಾಲದ ಅವಧಿ ಮುಗಿಯುವ ಮೊದಲೇ ಸಿಕ್ಕಿಬಿದ್ದವಾದ್ದರಿಂದ ಹಲವು ಇನ್ನೂ ಎಳೆಯ ವಯಸ್ಸಿನವು. ಕೆಟ್ಟದ್ದು ಮಾಲೀಕನ ಕಾಲ, ಗಾಡಿಯದಲ್ಲ.

1. ಮಾರುತ್ತಿರುವವರು ಯಾರು ಎಂದು ಮೊದಲು ತಿಳಿಯಿರಿ

ಒಂದೇ ಯಾರ್ಡಿನಲ್ಲಿ, ಒಂದೇ ದಿನದ ಹರಾಜಿನಲ್ಲಿ ಮೂರು ಜಾತಿಯ ಗಾಡಿಗಳು ಪಕ್ಕಪಕ್ಕದಲ್ಲೇ ನಿಂತಿರಬಹುದು: ಸಾಲ ಬಾಕಿಗಾಗಿ ವಶಪಡಿಸಿಕೊಂಡವು, ಅಪಘಾತವಾಗಿ ವಿಮಾ ಕಂಪನಿಯ ಪಾಲಿಗೆ ಬಂದವು, ಪೊಲೀಸರು ವಶಪಡಿಸಿಕೊಂಡು ವಾರಸುದಾರರಿಲ್ಲದೆ ಉಳಿದವು. ಈ ಲೇಖನ ಮೊದಲನೆಯ ಜಾತಿಯದಕ್ಕೆ ಮಾತ್ರ. ಉಳಿದೆರಡರ ಕಾಗದಪತ್ರದ ತೊಡಕೇ ಬೇರೆ. ಪಟ್ಟಿಯಲ್ಲಿ ಪ್ರತಿ ಲಾಟಿನ, ಅಂದರೆ ಹರಾಜಿಗಿಟ್ಟ ಪ್ರತಿ ಗಾಡಿಯ, ಮುಂದೆ ಮಾರುವವರು ಯಾರು ಎಂದು ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಕೇಳಿ. ಕೇಳಿದರೂ ಹೇಳದಿದ್ದರೆ ಮುಂದಿನ ಲಾಟಿಗೆ ನಡೆಯಿರಿ.

ಆನ್‌ಲೈನ್ ಹರಾಜಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಗಾಡಿಯನ್ನು ಕಣ್ಣಾರೆ ನೋಡಲು ಬಿಡದೆ, ಮೊದಲು ಠೇವಣಿ ಕಟ್ಟಿ ಎನ್ನುವವರಿಂದ ದೂರವಿರಿ. ಸಂಶಯ ಬಂದರೆ ಸಾಲ ಕೊಟ್ಟ ಸಂಸ್ಥೆಯ ಕಚೇರಿಗೇ ಹೋಗಿ, ಈ ನಂಬರಿನ ಗಾಡಿ ನಿಜವಾಗಿಯೂ ಹರಾಜಿಗಿದೆಯೇ ಎಂದು ವಿಚಾರಿಸಿ. ಜಾಹೀರಾತಿನಲ್ಲಿ ಕೊಟ್ಟ ಫೋನ್ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಂಡರೆ ಪ್ರಯೋಜನವಿಲ್ಲ. ಮೋಸಗಾರನ ಜಾಹೀರಾತಿನಲ್ಲಿ ಮೋಸಗಾರನ ನಂಬರೇ ಇರುತ್ತದೆ.

2. ಷರತ್ತುಗಳ ಹಾಳೆಯನ್ನು ಪೂರ್ತಿ ಓದಿ

ಬೇಸರದ ಕೆಲಸ, ಆದರೆ ಅರ್ಧ ಗಂಟೆಯದು. ಅದರಲ್ಲಿ ಒಂದು ಸಾಲು ಖಂಡಿತ ಇರುತ್ತದೆ: ಗಾಡಿಯನ್ನು 'ಇದ್ದಲ್ಲಿ, ಇದ್ದ ಹಾಗೆ' ಮಾರಲಾಗುತ್ತದೆ. ಅಂದರೆ ನಾಳೆ ಎಂಜಿನ್ ಜಾಮ್ ಆದರೂ, ಹೆಡ್‌ಲೈಟಿನೊಳಗೆ ಬಲ್ಬೇ ಇಲ್ಲದಿದ್ದರೂ ದೂರು ಕೊಡಲು ಬಾಗಿಲಿಲ್ಲ. ಈ ಒಂದು ಸಾಲಿನಿಂದಾಗಿಯೇ ಗಾಡಿ ಅಗ್ಗವಾಗಿರುವುದು. ಮಾರುವವರು ಇಳಿಸಿದ ಬೆಲೆ ಎಂದರೆ ನೀವು ಹೊತ್ತುಕೊಳ್ಳುವ ಅಪಾಯದ ಕೂಲಿ.

ಇನ್ನು ಗಮನಿಸಬೇಕಾದವು: ಮುಂಗಡ ಠೇವಣಿ ಎಷ್ಟು, ಸೋತರೆ ಯಾವಾಗ ವಾಪಸು, ಗೆದ್ದವರು ಎಷ್ಟು ದಿನದೊಳಗೆ ಪೂರ್ತಿ ಹಣ ಕಟ್ಟಬೇಕು, ತಪ್ಪಿದರೆ ಠೇವಣಿ ಮುಟ್ಟುಗೋಲೇ, ಹರಾಜುದಾರರ ಶುಲ್ಕ ಮತ್ತು ತೆರಿಗೆ ಕೂಗಿದ ಬೆಲೆಯಲ್ಲೇ ಸೇರಿದೆಯೇ ಅಥವಾ ಅದರ ಮೇಲೆಯೇ, ಹಣ ಕಟ್ಟಿದ ಮೇಲೂ ಗಾಡಿ ತೆಗೆಯದಿದ್ದರೆ ಯಾರ್ಡಿನ ದಿನಬಾಡಿಗೆ ಎಷ್ಟು. ಮೀಸಲು ಬೆಲೆ ಇದೆಯೇ ಎಂಬುದನ್ನೂ ನೋಡಿ. ಅದು ಮುಟ್ಟದಿದ್ದರೆ ಎಲ್ಲರಿಗಿಂತ ಹೆಚ್ಚು ಕೂಗಿದವರಿಗೂ ಗಾಡಿ ಸಿಗಬೇಕೆಂದಿಲ್ಲ. ಕೆಲವು ಹರಾಜುಗಳಲ್ಲಿ ಮಾರಾಟವಾಯಿತೆಂದು ಸುತ್ತಿಗೆ ಬಿದ್ದ ಮೇಲೂ 'ಸಾಲ ಕೊಟ್ಟವರ ಒಪ್ಪಿಗೆಗೆ ಒಳಪಟ್ಟು' ಎಂಬ ಬಾಲವೊಂದು ಉಳಿದಿರುತ್ತದೆ. ಒಪ್ಪಿಗೆ ಬರುವವರೆಗೆ ಗೆಳೆಯರಿಗೆ ಸಿಹಿ ಹಂಚಬೇಡಿ.

ಇನ್ನೊಂದು ಮಾತು. ಮಾರಾಟ ಮುಗಿಯುವ ಮೊದಲು ಬಾಕಿ ಕಟ್ಟಿ ಗಾಡಿ ಬಿಡಿಸಿಕೊಳ್ಳಲು ಹಳೆಯ ಮಾಲೀಕನಿಗೆ ಅನೇಕ ಕಡೆ ಅವಕಾಶವಿದೆ. ಆದ್ದರಿಂದ ನೀವು ಮೂರು ದಿನ ನೋಡಿ, ಅಳೆದು, ಮನಸ್ಸಿನಲ್ಲೇ ಸವಾರಿ ಮಾಡಿ ಮುಗಿಸಿದ ಗಾಡಿ ಹರಾಜಿನ ಬೆಳಿಗ್ಗೆ ಪಟ್ಟಿಯಿಂದ ಮಾಯವಾಗಬಹುದು. ಬೇಸರಪಡಬೇಡಿ, ಯಾರೋ ಹೇಗೋ ದುಡ್ಡು ಹೊಂದಿಸಿದ್ದಾರೆ. ಪಟ್ಟಿಯಲ್ಲಿ ಎರಡು ಮೂರು ಗಾಡಿಗಳನ್ನು ಗುರುತಿಸಿಟ್ಟುಕೊಳ್ಳುವುದು ಇದಕ್ಕಾಗಿಯೇ.

3. ಕಾಗದಪತ್ರ

ಗಾಡಿ ನೋಡುವ ಮೊದಲು ಕಾಗದ ನೋಡಿ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಗಾಡಿಯ ಮೇಲೆ ಮನಸ್ಸು ಕೂತುಬಿಡುತ್ತದೆ, ಆಮೇಲೆ ಕಾಗದದ ದೋಷಗಳೆಲ್ಲ ಸಣ್ಣದಾಗಿ ಕಾಣುತ್ತವೆ.

ನೋಂದಣಿ ದಾಖಲೆಯಲ್ಲಿ ಸಾಲ ಕೊಟ್ಟವರ ಹೆಸರು ನಮೂದಾಗಿರುತ್ತದೆ. ಆ ನಮೂದು ಅಳಿಯದೆ ಗಾಡಿ ನಿಮ್ಮ ಹೆಸರಿಗೆ ಪೂರ್ತಿಯಾಗಿ ಬರುವುದಿಲ್ಲ. ಮಾರಾಟಪತ್ರ, ಸಾಲದ ನಮೂದು ತೆಗೆಯಲು ಬೇಕಾದ ಪತ್ರ, ಹೆಸರು ವರ್ಗಾವಣೆಗೆ ಬೇಕಾದ ಅರ್ಜಿಗಳು, ಇವನ್ನೆಲ್ಲ ಯಾರು ಕೊಡುತ್ತಾರೆ, ಎಷ್ಟು ದಿನದಲ್ಲಿ ಕೊಡುತ್ತಾರೆ ಎಂದು ಕೇಳಿ, ಬರಹದಲ್ಲಿ ಪಡೆಯಿರಿ. 'ಆಮೇಲೆ ಕೊಡುತ್ತೇವೆ' ಎಂಬ ಬಾಯಿಮಾತಿಗೆ ಯಾರ್ಡಿನ ಗೇಟು ದಾಟಿದ ಮೇಲೆ ಬೆಲೆಯಿಲ್ಲ. ಹಳೆಯ ಮಾಲೀಕ ಉಳಿಸಿಹೋದ ಸಂಚಾರ ದಂಡಗಳು, ಬಾಕಿ ತೆರಿಗೆ, ಮುಗಿದ ವಿಮೆ ಯಾರ ತಲೆಗೆ ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಬಹುತೇಕ ಅದು ನಿಮ್ಮ ತಲೆಗೇ. ಹಾಗಿದ್ದರೂ ಮೊತ್ತ ಗೊತ್ತಿರಬೇಕು.

ಮುಂದಿನದು ಚಾಸಿ ನಂಬರ್. ಅಂತರರಾಷ್ಟ್ರೀಯ ಪದ್ಧತಿಯ ಚಾಸಿ ನಂಬರಿನಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಸೊನ್ನೆ, ಒಂದು ಎಂಬ ಅಂಕಿಗಳೊಡನೆ ಗೊಂದಲವಾಗಬಾರದೆಂದು ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದೇ ಇಲ್ಲ. ಇವುಗಳಲ್ಲಿ ಒಂದು ಕಂಡರೆ ಯಾರೋ ತಪ್ಪಾಗಿ ಬರೆದಿದ್ದಾರೆ, ಇಲ್ಲವೇ ನಂಬರಿನ ಮೇಲೆ ಕೈಯಾಡಿಸಿದ್ದಾರೆ. ಸಾಮಾನ್ಯವಾಗಿ ಹ್ಯಾಂಡಲ್ ಕೂರುವ ಕೊಳವೆಯ ಮೇಲೆ ಕೆತ್ತಿರುತ್ತಾರೆ. ಧೂಳು ಒರೆಸಿ, ಟಾರ್ಚ್ ಹಿಡಿದು, ದಾಖಲೆಯ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಸುತ್ತ ಬಣ್ಣ ಬೇರೆಯಾಗಿದ್ದರೆ, ಉಜ್ಜಿದ ಗೆರೆಗಳಿದ್ದರೆ, ಅಂಕಿಗಳು ಒಂದೇ ಸಾಲಿನಲ್ಲಿ ನಿಲ್ಲದಿದ್ದರೆ ಆ ಗಾಡಿ ಬೇಡವೇ ಬೇಡ. ಎಂಜಿನ್ ನಂಬರಿಗೂ ಇದೇ ಪರೀಕ್ಷೆ.

4. ಯಾರ್ಡಿನಲ್ಲಿ ಒಂದು ಬೆಳಿಗ್ಗೆ

ಟಾರ್ಚ್, ಹಳೆಯ ಬಟ್ಟೆ, ವೋಲ್ಟ್ ಅಳೆಯುವ ಮೀಟರ್, ಮೊಬೈಲ್ ಇಷ್ಟು ಸಾಕು. ಒಳಗೆ ಹೋದ ಕೂಡಲೇ ಹೊಳೆಯುವ ಗಾಡಿಯ ಹತ್ತಿರ ಹೋಗಬೇಡಿ. ಹರಾಜಿಗೆ ಮುನ್ನ ಕೆಲವರು ಗಾಡಿ ತೊಳೆದು ಪಾಲಿಶ್ ಹಾಕಿಸುತ್ತಾರೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತು ಇಂಥ ಟ್ಯಾಂಕುಗಳಿಗೆ ಚೆನ್ನಾಗಿ ಒಪ್ಪುತ್ತದೆ. ನನಗಂತೂ ಧೂಳು ತುಂಬಿದ ಗಾಡಿಯೇ ಇಷ್ಟ. ಆಯಿಲ್ ಎಲ್ಲಿಂದ ಸೋರಿದೆ ಎಂದು ಧೂಳು ಸುಳ್ಳಿಲ್ಲದೆ ತೋರಿಸುತ್ತದೆ.

ದುಡ್ಡಿಲ್ಲದ ಕಾಲದ ಗುರುತುಗಳಿಂದ ಶುರು ಮಾಡಿ. ಹಿಂದಿನ ಸ್ಪ್ರಾಕೆಟಿನ (ಚೈನ್ ಕೂರುವ ಹಲ್ಲಿನ ಚಕ್ರ) ಮೇಲೆ ಕೂತ ಚೈನನ್ನು ಚಕ್ರದ ಹಿಂಬದಿಯಲ್ಲಿ ಬೆರಳಿನಿಂದ ಹಿಡಿದು ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧಕ್ಕಿಂತ ಹೆಚ್ಚು ಕಾಣುವಷ್ಟು ಚೈನ್ ಎದ್ದುಬಂದರೆ ಅದರ ಆಯುಸ್ಸು ಮುಗಿದಿದೆ. ಸ್ಪ್ರಾಕೆಟಿನ ಹಲ್ಲುಗಳು ಕೊಕ್ಕೆಯಂತೆ ಒಂದೇ ಕಡೆ ಬಾಗಿದ್ದರೂ ಅಷ್ಟೇ. ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಬೆರಳಾಡಿಸಿ, ಏಣು ಸಿಕ್ಕಿದರೆ ಡಿಸ್ಕ್ ಸವೆದಿದೆ. ಎಷ್ಟರವರೆಗೆ ಸವೆಯಬಹುದು ಎಂಬ ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೆಯೇ ಕೆತ್ತಿರುವುದುಂಟು. ಎಂಜಿನ್ ಆಯಿಲ್ ನೋಡಿ. ಕಪ್ಪಾಗಿದ್ದರೆ ಹಳೆಯದು, ಅಷ್ಟೇ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಬಟ್ಟೆಗೆ ಒರೆಸಿದಾಗ ಮಿನುಗುವ ಚೂರುಗಳು ಕಂಡರೆ ಒಳಗೆ ಲೋಹ ಲೋಹವನ್ನು ತಿನ್ನುತ್ತಿದೆ. ಆ ಲಾಟನ್ನು ಅಲ್ಲಿಗೇ ಬಿಡಿ.

ಮೀಟರಿನಲ್ಲಿರುವ ಕಿಲೋಮೀಟರನ್ನು ನಂಬುವ ಮೊದಲು ಕಾಲಿಡುವ ರಬ್ಬರ್, ಗೇರ್ ಲಿವರಿನ ತುದಿ, ಹ್ಯಾಂಡಲ್ ಹಿಡಿಕೆಗಳನ್ನು ನೋಡಿ. ಇವು ಬೋಳಾಗಿದ್ದು ಮೀಟರ್ ಮಾತ್ರ ಮಗುವಿನಂತೆ ಸಣ್ಣ ಸಂಖ್ಯೆ ಹೇಳುತ್ತಿದ್ದರೆ ಇಬ್ಬರಲ್ಲಿ ಒಬ್ಬರು ಸುಳ್ಳಾಡುತ್ತಿದ್ದಾರೆ, ಮತ್ತು ಅದು ರಬ್ಬರ್ ಅಲ್ಲ. ಸೀಟು ಎತ್ತಲು ಬಿಟ್ಟರೆ ಕೆಳಗೆ ನೋಡಿ: ಸರ್ವಿಸ್ ಪುಸ್ತಕ, ಹಳೆಯ ಬಿಲ್ಲು ಸಿಗಬಹುದು. ಕೊನೆಯ ಸರ್ವಿಸ್ ಆದ ದಿನಾಂಕದಿಂದ ಗಾಡಿ ವಶಕ್ಕೆ ಬಂದ ದಿನದವರೆಗಿನ ಅಂತರ ಎಷ್ಟೋ, ಗಾಡಿ ಅಷ್ಟು ಕಾಲ ಉಪವಾಸವಿತ್ತು. ಅಲ್ಲೇ ಹಳೆಯ ಮಾಲೀಕನ ಸ್ವಂತ ಕಾಗದ, ಗುರುತಿನ ಚೀಟಿ ಸಿಕ್ಕರೆ ಯಾರ್ಡಿನವರಿಗೆ ಒಪ್ಪಿಸಿ. ಹರಾಜಾಗುತ್ತಿರುವುದು ಗಾಡಿ ಮಾತ್ರ.

ಈಗ ನಿಂತ ಕಾಲದ ಗುರುತುಗಳು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಮುದ್ರೆ ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ತೋಡುಗಳು ಆಳವಾಗಿದ್ದರೂ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದರೆ ಟೈರು ಹೊಸದು ಹಾಕಲೇಬೇಕು. ಬ್ಯಾಟರಿಯ ತುದಿಗಳಿಗೆ ಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಸೀಸದ ಬ್ಯಾಟರಿ ಸುಮಾರು 12.6 ತೋರಿಸಬೇಕು. ಹತ್ತೂವರೆಗಿಂತ ಕೆಳಗಿಳಿದು ತಿಂಗಳುಗಟ್ಟಲೆ ಹಾಗೇ ಇದ್ದದ್ದು ಮತ್ತೆ ಏಳುವುದು ಅಪರೂಪ. ಮುಂದಿನ ಫೋರ್ಕಿನ ಕೊಳವೆಗಳಲ್ಲಿ ತುಕ್ಕಿನ ಚುಕ್ಕೆ ಎದ್ದಿದ್ದರೆ ಅವು ಸೀಲನ್ನು ಕೊಯ್ಯುತ್ತವೆ. ಸೀಲ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿರಬಹುದು, ವೈರುಗಳನ್ನು ಕಡಿದಿರಬಹುದು. ಇಲಿ ಕಡಿದ ವೈರಿಂಗ್ ಸರಿಪಡಿಸುವುದು ಎಂಜಿನ್ ಕೆಲಸಕ್ಕಿಂತ ಹೆಚ್ಚು ತಲೆನೋವಿನದು.

ಯಾರ್ಡಿನ ಇನ್ನೊಂದು ರೋಗ ಬಿಡಿಭಾಗಗಳ ಕಳವು. ಪಕ್ಕದ ಗಾಡಿಯ ಹಳೆಯ ಬ್ಯಾಟರಿ ನಿಮ್ಮ ಗಾಡಿಗೂ, ನಿಮ್ಮ ಗಾಡಿಯ ಹೊಸ ಕನ್ನಡಿ ಇನ್ನೆಲ್ಲಿಗೋ ಹೋಗಿರುತ್ತದೆ. ಆದ್ದರಿಂದ ನೋಡಿದ ದಿನವೇ ಸುತ್ತಲೂ ಫೋಟೊ ತೆಗೆಯಿರಿ. ಕಾರ್ಬ್ಯುರೇಟರ್, ಸೈಲೆನ್ಸರ್, ಮೀಟರ್, ಬ್ಯಾಟರಿ ಇವು ಒಂದೊಂದೂ ಫೋಟೊದಲ್ಲಿ ಬರಲಿ. ಗೆದ್ದು ತೆಗೆದುಕೊಂಡು ಹೋಗುವ ದಿನ ಇದು ಕೆಲಸಕ್ಕೆ ಬರುತ್ತದೆ.

ಬಿದ್ದ ಗಾಡಿಯೇ ಎಂದು ತಿಳಿಯಲು ಹಿಂದೆ ಹತ್ತು ಹೆಜ್ಜೆ ದೂರ ಕುಕ್ಕರಗಾಲಲ್ಲಿ ಕುಳಿತು ಎರಡು ಚಕ್ರಗಳೂ ಒಂದೇ ಗೆರೆಯಲ್ಲಿವೆಯೇ ನೋಡಿ. ಹ್ಯಾಂಡಲಿನ ತುದಿ, ಬ್ರೇಕ್ ಲಿವರಿನ ಗುಂಡು, ಕಾಲಿಡುವ ಕಂಬಿಯ ಅಂಚಿನಲ್ಲಿ ಉಜ್ಜಿದ ಗುರುತಿದ್ದರೆ ಒಮ್ಮೆ ಪಕ್ಕಕ್ಕೆ ಬಿದ್ದಿದೆ, ಅದೇನೂ ದೊಡ್ಡದಲ್ಲ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಫ್ರೇಮಿನ ಮುಳ್ಳು ಬಾಗಿದ್ದರೆ, ಹ್ಯಾಂಡಲ್ ಕೊಳವೆಯ ಬೆಸುಗೆಯ ಬಳಿ ಬಣ್ಣ ಸೀಳಿದ್ದರೆ ಅದು ಎದುರಿನಿಂದ ಗುದ್ದಿದ ಗಾಡಿ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲನ್ನು ನಿಧಾನ ತಿರುಗಿಸಿ. ನಡುವೆ ಒಂದು ಕಡೆ 'ಟಕ್' ಎಂದು ಕೂರುವಂತಿದ್ದರೆ ಬೇರಿಂಗ್ ಹೋಗಿದೆ.

ಸ್ಟಾರ್ಟ್ ಮಾಡಲು ಬಿಟ್ಟರೆ ಅದೃಷ್ಟ. ಓಡಿಸಿ ನೋಡಲು ಬಿಡುವುದು ಇನ್ನೂ ಅಪರೂಪ. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಮುಟ್ಟಿ ನೋಡಿ: ಬೆಚ್ಚಗಿದ್ದರೆ ನೀವು ಬರುವ ಮುನ್ನವೇ ಯಾರೋ ಒದ್ದಾಡಿ ಹೊತ್ತಿಸಿಟ್ಟಿದ್ದಾರೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾದದ್ದು, ಬಹುಮಟ್ಟಿಗೆ ಸಣ್ಣ ಕೆಲಸ.

ಕೊನೆಗೆ ಕೀಲಿ. ನನ್ನ ಮೊದಲ ಹರಾಜಿನಲ್ಲಿ ನಾನು ಬಣ್ಣ ನೋಡಿದೆ, ಕೀಲಿ ನೋಡಲಿಲ್ಲ. ಕೊಟ್ಟ ಕೀಲಿಯಿಂದ ಗಾಡಿ ಹೊತ್ತಿಕೊಂಡಿತು, ಖುಷಿಯಾಯಿತು. ಮನೆಗೆ ಬಂದು ಪೆಟ್ರೋಲ್ ಹಾಕಲು ಹೋದರೆ ಟ್ಯಾಂಕಿನ ಮುಚ್ಚಳ ತೆರೆಯಲಿಲ್ಲ, ಸೀಟೂ ತೆರೆಯಲಿಲ್ಲ. ಇಗ್ನಿಷನ್ ಲಾಕನ್ನು ಎಂದೋ ಯಾರೋ ಬದಲಿಸಿದ್ದರು. ಮುಚ್ಚಳ ಒಡೆದು ತೆಗೆದಾಗ ಒಳಗೆ ತುಕ್ಕಿನ ಸಾರು. ಲಾಕ್ ಸೆಟ್ಟು, ಟ್ಯಾಂಕು, ಕಾರ್ಬ್ಯುರೇಟರ್ ಎಂದು ಹರಾಜಿನಲ್ಲಿ ಉಳಿಸಿದ್ದೆಲ್ಲ ಒಂದೇ ವಾರದಲ್ಲಿ ಕರಗಿತು. ಒಂದೇ ಕೀಲಿ ಮೂರೂ ಕಡೆ ತಿರುಗುತ್ತದೆಯೇ, ಎರಡನೆಯ ಕೀಲಿ ಇದೆಯೇ ಎಂದು ಈಗ ಎಲ್ಲಕ್ಕಿಂತ ಮೊದಲು ಕೇಳುತ್ತೇನೆ. ಚಿಪ್ ಇರುವ ಕೀಲಿಯ ಗಾಡಿಗಳಲ್ಲಂತೂ ಕೀಲಿ ಕಳೆದಿದ್ದರೆ ಖರ್ಚು ಇನ್ನೂ ಹೆಚ್ಚು.

5. ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ

ಎಷ್ಟಕ್ಕೆ ಸಿಗಬಹುದು ಎಂದು ಊಹಿಸುವುದು ವ್ಯರ್ಥ. ಎಷ್ಟಕ್ಕಿಂತ ಮೇಲೆ ಬೇಡ ಎಂಬ ಸಂಖ್ಯೆ ಬೇಕು, ಅದನ್ನು ಮಾರುಕಟ್ಟೆ ಬೆಲೆಯಿಂದ ಕೆಳಗಿಳಿಯುತ್ತಾ ಹುಡುಕಬೇಕು. ಉದಾಹರಣೆಗೆ, ಅದೇ ಮಾದರಿಯ, ಅದೇ ವಯಸ್ಸಿನ, ಸುಸ್ಥಿತಿಯ ಬೈಕು ಹೊರಗೆ 100ಕ್ಕೆ ಸಿಗುತ್ತದೆ ಎನ್ನೋಣ. ಹರಾಜಿನ ಶುಲ್ಕ, ತೆರಿಗೆಗೆ 8. ಹೆಸರು ವರ್ಗಾವಣೆ, ವಿಮೆ, ಸಾಗಣೆಗೆ 6. ಕಣ್ಣಿಗೆ ಕಂಡ ರಿಪೇರಿಗೆ 15. ಕಣ್ಣಿಗೆ ಕಾಣದ್ದಕ್ಕೆ ಇನ್ನೊಂದು 10 ತೆಗೆದಿಡಿ. ಉಳಿದದ್ದು 61. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು, ಅದು ತಪ್ಪು. ಇಷ್ಟೆಲ್ಲ ಅಲೆದಾಟ, ಅಪಾಯ ಹೊತ್ತು ಕೊನೆಗೆ 100ಕ್ಕೇ ಬಂದು ನಿಲ್ಲುವುದಾದರೆ ಹರಾಜಿಗೆ ಏಕೆ ಬರಬೇಕಿತ್ತು? ನಿಮ್ಮ ಶ್ರಮಕ್ಕೆ ಕನಿಷ್ಠ 10 ಕಳೆಯಿರಿ. ಆಗ 51. ಸಂಖ್ಯೆಗಳು ಗಾಡಿಯಿಂದ ಗಾಡಿಗೆ ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಸಿಕ್ಕಿದ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಜೇಬಿನಲ್ಲಿಡಿ. ಬರೆಯುವುದು ಮುಖ್ಯ. ಮನಸ್ಸಿನಲ್ಲಿಟ್ಟ ಸಂಖ್ಯೆ ಹರಾಜಿನ ಬಿಸಿಗೆ ಹಿಗ್ಗುತ್ತದೆ.

6. ಕೂಗುವ ದಿನ

ಸಾಧ್ಯವಾದರೆ ಮೊದಲೊಂದು ಹರಾಜಿಗೆ ಸುಮ್ಮನೆ ಹೋಗಿ ಕುಳಿತು ಬನ್ನಿ. ಹಳೆಯ ಬೈಕು ಮಾರುವ ವ್ಯಾಪಾರಿಗಳು ಯಾರು ಎಂದು ಒಂದು ಗಂಟೆಯಲ್ಲಿ ತಿಳಿಯುತ್ತದೆ: ಗಡಿಬಿಡಿಯಿಲ್ಲ, ಮುಖದಲ್ಲಿ ಭಾವವಿಲ್ಲ, ಒಂದು ಮಿತಿ ಬಂದೊಡನೆ ನಿಲ್ಲಿಸಿ ಚಹಾಕ್ಕೆ ಹೋಗುತ್ತಾರೆ. ಅವರು ಮತ್ತೆ ಮಾರಿ ಲಾಭ ಮಾಡಬೇಕು, ಅಂಗಡಿ ಬಾಡಿಗೆ ಕಟ್ಟಬೇಕು. ನೀವು ಓಡಿಸಲು ಕೊಳ್ಳುವವರು, ಆದ್ದರಿಂದ ಅವರು ನಿಂತ ಕಡೆಯಿಂದ ಒಂದೆರಡು ಮೆಟ್ಟಿಲು ಮೇಲೆ ಹೋದರೂ ನಿಮಗೆ ನಷ್ಟವಿಲ್ಲ. ಆದರೆ ಯಾವ ವ್ಯಾಪಾರಿಯೂ ಬಾಯಿ ತೆರೆಯದ ಲಾಟಿಗೆ ನೀವೊಬ್ಬರೇ ಕೂಗುತ್ತಿದ್ದರೆ ಒಂದು ಕ್ಷಣ ಯೋಚಿಸಿ. ಅವರು ನೋಡಿದ್ದನ್ನು ನೀವು ನೋಡಿಲ್ಲ.

ಆನ್‌ಲೈನಿನಲ್ಲಿ ಕೊನೆಯ ಕ್ಷಣಕ್ಕೆ ಕಾದು ಬಿಡ್ ಹಾಕುವ ಜಾಣತನ ಎಲ್ಲ ಕಡೆ ನಡೆಯುವುದಿಲ್ಲ. ಕೊನೆಯ ನಿಮಿಷಗಳಲ್ಲಿ ಯಾರಾದರೂ ಬಿಡ್ ಹಾಕಿದರೆ ಅವಧಿ ತಾನಾಗಿ ಮುಂದಕ್ಕೆ ಹೋಗುವ ವ್ಯವಸ್ಥೆ ಅನೇಕ ಹರಾಜುಗಳಲ್ಲಿದೆ. ಅಲ್ಲಿ ಆಟ ಮುಗಿಯುವುದು ಒಬ್ಬರ ಮಿತಿ ಮುಗಿದಾಗ ಮಾತ್ರ. ಮುಚ್ಚಿದ ಲಕೋಟೆಯ ಹರಾಜಾದರೆ ಜೇಬಿನ ಸಂಖ್ಯೆಯನ್ನೇ ಬರೆದು ಹಾಕಿ, ದುಂಡು ಸಂಖ್ಯೆ ಬೇಡ. ಎಲ್ಲರೂ ದುಂಡು ಸಂಖ್ಯೆಯನ್ನೇ ಬರೆಯುವುದರಿಂದ ಅದರ ಮೇಲೆ ಸ್ವಲ್ಪವಿದ್ದವರು ಗೆಲ್ಲುತ್ತಾರೆ.

7. ಗೆದ್ದ ಮೇಲೆ

ಹಣವನ್ನು ಸಂಸ್ಥೆಯ ಖಾತೆಗೇ ಕಟ್ಟಿ, ರಸೀದಿ ಪಡೆಯಿರಿ. ಯಾವುದೇ ವ್ಯಕ್ತಿಯ ಸ್ವಂತ ಖಾತೆಗೆ ಬೇಡ. ಗಾಡಿ ತೆಗೆಯುವಾಗ ಹಿಂದೆ ತೆಗೆದ ಫೋಟೊಗಳ ಜೊತೆ ಹೋಲಿಸಿ, ಏನಾದರೂ ಕಾಣೆಯಾಗಿದ್ದರೆ ಸಹಿ ಹಾಕುವ ಮೊದಲೇ ಹೇಳಿ. ಓಡಿಸಿಕೊಂಡು ಮನೆಗೆ ಬರುವ ಆಸೆ ಬಿಟ್ಟುಬಿಡಿ. ಬ್ರೇಕು, ಟೈರು ನಂಬುವಂತಿಲ್ಲ, ವಿಮೆ ಮುಗಿದಿರುತ್ತದೆ. ಸರಕು ಗಾಡಿಯ ಮೇಲೆ ಹೇರಿಸಿಕೊಂಡು ಬನ್ನಿ.

ಮನೆಯಲ್ಲೂ ಕೂಡಲೇ ಸ್ಟಾರ್ಟ್ ಮಾಡಬೇಡಿ. ಹಳಸಿದ ಪೆಟ್ರೋಲ್ ಪೂರ್ತಿ ತೆಗೆಸಿ. ಎಥೆನಾಲ್ ಬೆರೆತದ್ದಾದರೆ ಅದು ಗಾಳಿಯ ತೇವವನ್ನೂ ಹೀರಿಕೊಂಡಿರುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿನೊಳಗೆ ನಾಲ್ಕು ಹನಿ ಆಯಿಲ್ ಬಿಟ್ಟು ಎಂಜಿನನ್ನು ಕೈಯಲ್ಲೇ ಕೆಲವು ಸುತ್ತು ತಿರುಗಿಸಿ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ದ್ರವ ಇವನ್ನು ನೋಡಲು ಹೇಗಿದ್ದರೂ ಬದಲಿಸಿ. ಬ್ರೇಕ್ ದ್ರವ ನೀರು ಹೀರುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು. ಹಳೆಯ ಮಾಲೀಕ ಬದಲಿಸಿರುವ ಸಂಭವ ಎಷ್ಟು ಎಂದು ನಿಮಗೇ ಗೊತ್ತು. ಹೊತ್ತಿಕೊಂಡ ಮೇಲೆ ಎಂಜಿನ್ ವೇಗ ಸ್ವಲ್ಪ ಏರಿಸಿ ಬ್ಯಾಟರಿಗೆ ಮತ್ತೆ ಮೀಟರ್ ಹಿಡಿಯಿರಿ. ಸುಮಾರು ಹದಿಮೂರೂವರೆಯಿಂದ ಹದಿನಾಲ್ಕೂವರೆ ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಿದೆ. ಐನೂರು ಕಿಲೋಮೀಟರ್ ಓಡಿದ ಮೇಲೆ ಆಯಿಲನ್ನು ಇನ್ನೊಮ್ಮೆ ಬದಲಿಸುವುದು ನನ್ನ ಪದ್ಧತಿ. ಒಳಗೆ ಕಟ್ಟಿದ್ದ ಕೊಳೆಯೆಲ್ಲ ಅಷ್ಟರಲ್ಲಿ ಕರಗಿ ಬಂದಿರುತ್ತದೆ.

ಚಾಸಿ ನಂಬರ್ ಕೊಟ್ಟು, ತಯಾರಕರು ಈ ಮಾದರಿಯ ಯಾವುದಾದರೂ ದೋಷಕ್ಕೆ ಗಾಡಿಗಳನ್ನು ವಾಪಸು ಕರೆಸಿಕೊಂಡಿದ್ದರೇ ಎಂದೂ ವಿಚಾರಿಸಿ. ಅಂಥ ರಿಪೇರಿಯನ್ನು ಸಾಮಾನ್ಯವಾಗಿ ಉಚಿತವಾಗಿ ಮಾಡಿಕೊಡುತ್ತಾರೆ, ಮಾಲೀಕ ಬದಲಾದರೂ.

ಈ ನಡುವೆ ಹೆಸರು ವರ್ಗಾವಣೆಯ ಅರ್ಜಿ ತಡಮಾಡದೆ ಹಾಕಿರಿ. ಹೊಸ ನೋಂದಣಿ ಪತ್ರ ಕೈಸೇರಿದ ದಿನ ಗಾಡಿಯ ಮುಂದೆ ಕುಳಿತು ಎರಡು ವಿಷಯ ನೋಡಿ: ಸಾಲ ಕೊಟ್ಟವರ ಹೆಸರು ಅದರಿಂದ ಅಳಿದಿದೆಯೇ, ಚಾಸಿ ನಂಬರಿನ ಹದಿನೇಳೂ ಅಕ್ಷರ ಸರಿಯಾಗಿ ಬಂದಿವೆಯೇ. ಟೈಪು ಮಾಡಿದವರ ತಪ್ಪು ಅಂದೇ ಸಿಕ್ಕಿದರೆ ಒಂದು ಅರ್ಜಿಯಲ್ಲಿ ಸರಿಹೋಗುತ್ತದೆ. ನಾಲ್ಕು ವರ್ಷ ಬಿಟ್ಟು ನೀವು ಮಾರಲು ಹೊರಟಾಗ ಸಿಕ್ಕಿದರೆ, ಹರಾಜು ಹಾಕಿದವರ ಕಡತ ಯಾವ ಕಪಾಟಿನಲ್ಲಿದೆ ಎಂದು ಅವರಿಗೂ ನೆನಪಿರುವುದಿಲ್ಲ.